ದ್ವೀಪದಲ್ಲಿ ಅವ್ವ ಆಂಟಿಯಾದದ್ದು

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಶಾಲೆಯವರು ನಮ್ಮನ್ನು ಒಂದು ದ್ವೀಪಕ್ಕೆ ಕರೆದುಕೊಂಡು ಹೋಗಿ ಎರಡು ರಾತ್ರಿ ಅಲ್ಲೇ ಉಳಿಸಿಕೊಂಡಿದ್ದರು ಎಂದು ಹೇಳಿದರೆ ಕೇಳುವವರ ಕಣ್ಣು ಅರಳುತ್ತದೆ. ಅಂಡಮಾನೋ, ಲಕ್ಷದ್ವೀಪವೋ ಎಂದು ಕೇಳುತ್ತಾರೆ. ಶ್ರೀರಂಗಪಟ್ಟಣ ಎಂದಕೂಡಲೇ ಆ ಕಣ್ಣು ಮತ್ತೆ ಮೊದಲಿನ ಅಳತೆಗೆ ಬರುತ್ತದೆ. ಇದನ್ನು ಕಂಡರೆ ನನಗೆ ಇವತ್ತಿಗೂ ಸಿಟ್ಟು ಬರುತ್ತದೆ. ಸುತ್ತ ನೀರಿದ್ದರೆ ಅದು ದ್ವೀಪವೇ. ಆ ನೀರು ಉಪ್ಪಾಗಿಯೇ ಇರಬೇಕು ಎಂದು ಯಾವ ಪಾಠದಲ್ಲೂ ಬರೆದಿಲ್ಲ.

ನಮ್ಮ ಶಾಲೆ ಪೀಣ್ಯದ ಶೆಡ್ಡುಗಳ ನಡುವೆ ಇತ್ತು. ಒಂದು ಗೋಡೆಯಾಚೆ ತಗಡು ಒತ್ತುವ ಪವರ್ ಪ್ರೆಸ್, ಇನ್ನೊಂದು ಗೋಡೆಯಾಚೆ ಲೇತ್ ಮಷೀನುಗಳು. ಮಗ್ಗಿ ಹೇಳುವಾಗ ಪ್ರೆಸ್ಸು ಬೀಳುವ ಸದ್ದಿಗೆ ತಾಳ ಹಾಕಿಕೊಂಡೇ ಹೇಳುತ್ತಿದ್ದೆವು. ಕರೆಂಟು ಹೋಗಿ ಪ್ರೆಸ್ಸು ನಿಂತರೆ ನಮಗೆ ಮಗ್ಗಿಯೂ ಅಲ್ಲಿಗೇ ನಿಲ್ಲುತ್ತಿತ್ತು. ಓದುವವರೆಲ್ಲ ಕಾರ್ಖಾನೆ ಕೆಲಸದವರ ಮಕ್ಕಳೇ. ಯಾರ ಅಪ್ಪ ಈ ವಾರ ಯಾವ ಶಿಫ್ಟು ಎನ್ನುವುದು ಇಡೀ ಕ್ಲಾಸಿಗೆ ಬಾಯಿಪಾಠವಾಗಿತ್ತು. ರಾಜಧಾನಿಗಳ ಹೆಸರು ಮಾತ್ರ ಯಾರಿಗೂ ಬಾಯಿಗೆ ಬರುತ್ತಿರಲಿಲ್ಲ.

ಆ ವರ್ಷ ನಮಗೆ ಹೊಸ ಮಿಸ್ ಬಂದಿದ್ದರು. ಆಗಷ್ಟೇ ಟೀಚರ್ ಟ್ರೈನಿಂಗ್ ಮುಗಿಸಿದ್ದರು, ಮೈತುಂಬ ಉತ್ಸಾಹ. ಒಂದು ದಿನ ದ್ವೀಪದ ಪಾಠ ಮಾಡಿ, ಸುತ್ತಲೂ ನೀರಿರುವ ಭೂಭಾಗಕ್ಕೆ ದ್ವೀಪ ಎನ್ನುತ್ತಾರೆ, ಯಾರಾದರೂ ಒಂದು ಉದಾಹರಣೆ ಕೊಡಿ ಎಂದರು. ಹಿಂದಿನ ಬೆಂಚಿನವನೊಬ್ಬ ಎದ್ದು ನಿಂತು, "ಮಳೆ ಬಂದ್ರೆ ನಮ್ಮನೆ ಮಿಸ್" ಎಂದ. ನಾವ್ಯಾರೂ ನಗಲಿಲ್ಲ, ಯಾಕೆಂದರೆ ಅದು ಸರಿಯಾದ ಉತ್ತರವೇ ಆಗಿತ್ತು. ಮೋರಿ ತುಂಬಿದರೆ ಅವರ ಸಾಲಿನ ಮನೆಗಳ ಸುತ್ತ ಎಣ್ಣೆಬಣ್ಣದ ನೀರು ನಿಲ್ಲುತ್ತಿತ್ತು. ಆದರೆ ಮಿಸ್‌ಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಈ ಮಕ್ಕಳಿಗೆ ನಿಜವಾದ ದ್ವೀಪ ತೋರಿಸದೆ ಬಿಡುವುದಿಲ್ಲ ಎಂದು ಅವತ್ತೇ ಹಟ ತೊಟ್ಟರು.

ಹೆಡ್‌ಮಾಸ್ಟರಿಗೆ ಈ ಹಟ ಹಿಡಿಸಲಿಲ್ಲ. ಅವರ ಪ್ರಕಾರ ಪ್ರವಾಸವೆಂದರೆ ಬೆಳಿಗ್ಗೆ ಹೋಗಿ ಸಂಜೆ ಬರುವುದು, ಅದೂ ಲಾಲ್‌ಬಾಗಿಗೆ. ಮಿಸ್ ಬಿಡದೆ ಬೆನ್ನು ಹತ್ತಿದ ಮೇಲೆ ಒಂದು ಷರತ್ತು ಹಾಕಿದರು. ಹೆಣ್ಣುಮಕ್ಕಳೂ ಇರುತ್ತಾರೆ, ರಾತ್ರಿ ಉಳಿಯುವ ವಿಷಯ, ಮಕ್ಕಳ ತಾಯಂದಿರಲ್ಲಿ ಒಬ್ಬರಾದರೂ ಜೊತೆಗೆ ಬರಬೇಕು, ಇಲ್ಲದಿದ್ದರೆ ದ್ವೀಪ ಇಲ್ಲ. ಈ ಷರತ್ತಿಗೆ ಪ್ರವಾಸ ಮುಗ್ಗರಿಸಿ ಬೀಳುತ್ತದೆ ಎಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮ ಕಡೆಯ ಯಾವ ಹೆಂಗಸೂ ಗಂಡನ ಟಿಫಿನ್ ಕ್ಯಾರಿಯರ್ ಬಿಟ್ಟು ಎರಡು ದಿನ ಎಲ್ಲಿಗೂ ಹೋದ ಇತಿಹಾಸ ಇರಲಿಲ್ಲ. ಮಿಸ್ ಮನೆಮನೆಗೆ ಹೋಗಿ ಕೇಳಿದರು. ಎಲ್ಲರೂ ಕಾಫಿ ಕೊಟ್ಟರು, ಯಾರೂ ಹೂಂ ಅನ್ನಲಿಲ್ಲ.

ನಾನು ಮನೆಗೆ ಬಂದು ಚೀಲ ಎಸೆದು, ಟ್ರಿಪ್ಪು ಕ್ಯಾನ್ಸಲ್ಲು ಎಂದು ಗೋಳಾಡಿದೆ. ಅವ್ವ ಮೊರದಲ್ಲಿ ಜೋಳ ಹಸನು ಮಾಡುತ್ತ ಕೂತಿದ್ದಳು. ನಾವು ಗದಗಿನ ಕಡೆಯವರು. ಅಪ್ಪ ಪೀಣ್ಯದ ಪ್ರೆಸ್ ಶಾಪಿಗೆ ಸೇರಿದ ಮೇಲೆ ಊರು ಬಿಟ್ಟು ಬಂದಿದ್ದರೂ ಜೋಳ ಮಾತ್ರ ನಮ್ಮನ್ನು ಬಿಟ್ಟಿರಲಿಲ್ಲ. ಅವ್ವ ಮೊರದಿಂದ ಕಣ್ಣು ತೆಗೆಯದೆ, "ನಾ ಬರ್ತೇನಿ ಅಂತ ಹೇಳು ನಿಮ್ಮ ಅಕ್ಕೋರಿಗೆ" ಎಂದಳು. ಟೀಚರುಗಳನ್ನು ಅವಳು ಊರಿನ ರೂಢಿಯಂತೆ ಅಕ್ಕೋರು ಎಂದೇ ಕರೆಯುತ್ತಿದ್ದಳು.

ನನ್ನ ಗೋಳು ಒಂದು ಕ್ಷಣ ನಿಂತು, ಮತ್ತೆ ಇನ್ನೂ ಜೋರಾಗಿ ಶುರುವಾಯಿತು. ಯಾರ ಅವ್ವನಾದರೂ ಬರಲಿ ಎಂದು ನಾನು ದೇವರಿಗೆ ಕೈಮುಗಿದದ್ದು ನಿಜ. ಯಾರ ಅವ್ವ ಎಂದು ಬಿಡಿಸಿ ಹೇಳದೆ ಇದ್ದದ್ದು ತಪ್ಪಾಗಿತ್ತು. ನಾನು ದ್ವೀಪಕ್ಕೆ ಹೊರಟಿದ್ದದ್ದು ನೀರು ನೋಡಲಿಕ್ಕಲ್ಲ. ಎರಡು ದಿನ ಯಾರ ಮಗಳೂ ಅಲ್ಲದೆ ಇರುವುದಕ್ಕೆ. ಹಾಲು ಕುಡಿ ಎನ್ನುವವರಿಲ್ಲ, ತಲೆಗೆ ಎಣ್ಣೆ ತಿಕ್ಕುವವರಿಲ್ಲ, ಬಿಸಿಲಿಗೆ ಹೋಗಬೇಡ ಎನ್ನುವವರಿಲ್ಲ. ಇಡೀ ಕ್ಲಾಸು ಅಮ್ಮಂದಿರಿಲ್ಲದೆ ಮಜಾ ಮಾಡುವಾಗ ನಾನೊಬ್ಬಳು ಅವ್ವನನ್ನು ಹೊತ್ತುಕೊಂಡು ಹೋಗುವುದೆಂದರೆ ಮನೆಯನ್ನೇ ಬಸ್ಸಿಗೆ ಹತ್ತಿಸಿದಂತೆ. ಅದು ಹೋದಂತೆಯೇ ಅಲ್ಲ. ರಾತ್ರಿ ಊಟದ ಹೊತ್ತಿಗೆ ಒಂದು ಉಪಾಯ ಹೊಳೆಯಿತು.

"ಅವ್ವಾ, ಅಲ್ಲಿ ನೀ ನಮ್ಮವ್ವ ಅಲ್ಲ" ಎಂದೆ.

"ಮತ್ತ ಯಾರು?"

"ಆಂಟಿ. ಎಲ್ಲಾರಿಗೂ ಹೆಂಗ ಆಂಟಿನೋ ನನಗೂ ಹಂಗ."

ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು. "ಅಂದ್ರ ನಿನಗ ಉಣ್ಣು ಅನ್ನಂಗಿಲ್ಲ?"

"ಅನ್ನಂಗಿಲ್ಲ."

"ತಲಿ ಹಿಕ್ಕಂಗಿಲ್ಲ?" ಎಡಗೈಯಲ್ಲಿ ಬಾಚಿದಂತೆ ಮಾಡಿ ತೋರಿಸಿದಳು.

"ಹಿಕ್ಕಂಗಿಲ್ಲ."

"ಬೈಯೂದು?"

ಅದಕ್ಕೆ ನಾನು ಸ್ವಲ್ಪ ಯೋಚನೆ ಮಾಡಬೇಕಾಯಿತು. "ಎಲ್ಲಾರನ್ನೂ ಬೈದ್ರ ನನ್ನೂ ಬೈಬಹುದು. ನನಗೊಬ್ಬಾಕಿಗೇ ಬೈಬಾರದು."

"ಆತವ್ವಾ" ಎಂದು ಅವ್ವ ಎಂಜಲು ಕೈಯನ್ನೇ ಮುಂದೆ ಚಾಚಿದಳು. ನಾನು ನನ್ನ ಎಂಜಲು ಕೈ ಅದರ ಮೇಲಿಟ್ಟು ಮಾತು ಕೊಟ್ಟೆ, ಮಾತು ತೆಗೆದುಕೊಂಡೆ. ಅಪ್ಪ ಮೂಲೆಯಲ್ಲಿ ನಗುತ್ತಿದ್ದ. "ನೋಡವ್ವಾ, ಇನ್ನೊಮ್ಮೆ ಯೋಚ್ನಿ ಮಾಡು. ಆಕಿ ಮಾತು ಕೊಟ್ರ ಮುಗೀತು, ಬಿಡಾಕಿ ಅಲ್ಲ" ಎಂದ. ನಾನು ಅಪ್ಪನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಎರಡು ದಿನಕ್ಕಲ್ಲ, ಎರಡು ತಿಂಗಳಿಗಾಗುವಷ್ಟು ಖಡಕ್ ರೊಟ್ಟಿ ಬಡಿದಿಟ್ಟು ಅವ್ವ ಅವನ ಊಟದ ಚಿಂತೆಯನ್ನು ಬಗೆಹರಿಸಿದಳು.

ಹೊರಡುವ ದಿನ ಬೆಳಿಗ್ಗೆ ಶಾಲೆಯ ಮುಂದೆ ಒಂದು ಕಾರ್ಖಾನೆಯ ಶಿಫ್ಟ್ ಬಸ್ಸು ಬಂದು ನಿಂತಿತ್ತು. ಯಾರದೋ ಅಪ್ಪ ಮ್ಯಾನೇಜರ ಕಾಲು ಹಿಡಿದು ಅದನ್ನು ಒದಗಿಸಿದ್ದರು. ಮಕ್ಕಳು ಬರುವುದಕ್ಕಿಂತ ಮೊದಲು ಬಸ್ಸಿನ ಮುಂದೆ ಡಬ್ಬಗಳು ಬಂದು ಕೂತಿದ್ದವು. ಮಷೀನಿಗೆ ಹಾಕುವ ಕಟಿಂಗ್ ಆಯಿಲ್ ಬರುವ ದೊಡ್ಡ ಪ್ಲಾಸ್ಟಿಕ್ ಡಬ್ಬಗಳನ್ನು ಸೋಪು, ಬೂದಿ ಹಾಕಿ ತೊಳೆದು ಮನೆಯಲ್ಲಿ ನೀರಿಗೆ ಇಟ್ಟುಕೊಳ್ಳುವುದು ನಮ್ಮ ಕಡೆಯ ಪದ್ಧತಿ. ಎಷ್ಟು ತೊಳೆದರೂ ನೀರಿನಲ್ಲಿ ಒಂಚೂರು ಎಣ್ಣೆಯ ವಾಸನೆ ಉಳಿದೇ ಉಳಿಯುತ್ತಿತ್ತು. ನಮಗೆ ಅದೇ ನೀರಿನ ವಾಸನೆ. ಪ್ರತಿ ಮನೆಯವರೂ ತಂತಮ್ಮ ಮಗುವಿನ ಜೊತೆಗೆ ಒಂದೊಂದು ಡಬ್ಬ ತುಂಬಿಸಿ ಕಳಿಸಿದ್ದರು.

ಮಿಸ್ ಬಂದು ನೋಡಿ ಗಾಬರಿಯಾದರು. "ಏನ್ರೀ ಇದೆಲ್ಲ?"

"ನೀರು ಮಿಸ್" ಎಂದರು ಒಬ್ಬ ಹುಡುಗನ ತಾಯಿ. "ಅಲ್ಲಿ ಹೆಂಗಿದ್ಯೋ ಏನೋ ಅಂತ."

"ನಾವ್ ಹೋಗ್ತಿರೋದು ದ್ವೀಪಕ್ಕೆ ಕಣ್ರೀ! ಸುತ್ತ ಬರೀ ನೀರೇ ಇರೋದು!"

"ಸುತ್ತ ಇದ್ಬಿಟ್ರೆ ಆಯ್ತಾ ಮಿಸ್? ನಲ್ಲೀಲಿ ಬರ್ಬೇಕಲ್ಲ."

ಮಿಸ್ ಡಬ್ಬಗಳನ್ನು ಒಂದೊಂದಾಗಿ ಎಣಿಸತೊಡಗಿದರು. ಅವರು ಮಲ್ಲೇಶ್ವರದವರು, ನಲ್ಲಿ ತಿರುಗಿಸಿದರೆ ನೀರು ಬರುವ ಊರಿನವರು. ನಮಗೆ ನೀರೆಂದರೆ ಟ್ಯಾಂಕರ್. ಅದು ಬಂದಾಗ ಹಬ್ಬ, ಬರದಿದ್ದಾಗ ಉಪವಾಸ. ಅವ್ವ ನಡುವೆ ಬಂದು, "ಇರ್ಲಿ ಬಿಡ್ರಿ ಅಕ್ಕೋರ, ನೀರು ಭಾರ ಆಗೂದಿಲ್ಲ" ಎಂದು ಸೆರಗು ಸಿಕ್ಕಿಸಿಕೊಂಡು ಡಬ್ಬಗಳನ್ನೆಲ್ಲ ಸೀಟಿನ ಕೆಳಗೆ ತಳ್ಳಿಸಿದಳು. ಹೀಗೆ ನಾವು ಕಾವೇರಿ ನದಿಯ ಮಧ್ಯಕ್ಕೆ ಪೀಣ್ಯದಿಂದ ನೀರು ಹೊತ್ತುಕೊಂಡು ಹೊರಟೆವು. ನಾನು ಅವ್ವನಿಂದ ಆದಷ್ಟು ದೂರದ ಸೀಟು ಹುಡುಕಿ ನನ್ನ ಬೆಂಚಿನ ಗೆಳತಿಯ ಪಕ್ಕ ಕೂತೆ. ಅವ್ವ ಒಮ್ಮೆಯೂ ತಿರುಗಿ ನೋಡಲಿಲ್ಲ. ಮಾತು ಉಳಿಸಿಕೊಳ್ಳುತ್ತಿದ್ದಾಳೆ ಎಂದು ನನಗೆ ಹೆಮ್ಮೆಯಾಯಿತು.

ದ್ವೀಪ ಮುಟ್ಟಿದ್ದು ಮಾತ್ರ ದೊಡ್ಡ ರಾದ್ಧಾಂತ. ಸೇತುವೆ ಬಂದಾಗ ಎಲ್ಲರೂ ಕಿಟಕಿಯಿಂದ ನೋಡಬೇಕು, ಆ ಸೇತುವೆ ದಾಟಿದರೆ ದ್ವೀಪ ಎಂದು ಮಿಸ್ ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದರು. ಮದ್ದೂರಿನಲ್ಲಿ ಎಲ್ಲರೂ ವಡೆ ತಿಂದರು. ಮಂಡ್ಯ ದಾಟಿದ ಮೇಲೆ ಒಬ್ಬ ಆ ವಡೆಯನ್ನು ವಾಪಸ್ಸು ಕೊಟ್ಟ. ಮಿಸ್ ಅವನ ಬೆನ್ನು ನೀವುತ್ತ, ಅವ್ವ ಡಬ್ಬದ ನೀರು ಹಾಕಿ ತೊಳೆಯುತ್ತ, ನಾವೆಲ್ಲ ಮೂಗು ಮುಚ್ಚಿಕೊಂಡು ಅದನ್ನೇ ನೋಡುತ್ತ ಇರುವಾಗ ಬಸ್ಸು ನಿಂತಿತು. ಬಂತು ಇಳೀರಿ ಎಂದ ಡ್ರೈವರ್. ಹೊರಗೆ ನೋಡಿದರೆ ಬಸ್ ಸ್ಟ್ಯಾಂಡು, ಸೈಕಲ್ ಶಾಪು, ಟೀ ಅಂಗಡಿ, ಎಮ್ಮೆ. ದ್ವೀಪ ಎಲ್ಲಿ ಎಂದು ಎಲ್ಲರೂ ಕೇಳಿದೆವು. ಇದೇ ದ್ವೀಪ, ನಾವು ಆಗಲೇ ಅದರ ಮೇಲೆ ಇದ್ದೇವೆ ಎಂದರು ಮಿಸ್. ಒಬ್ಬರೂ ನಂಬಲಿಲ್ಲ. "ಇದು ನೆಲಮಂಗಲ ಇದ್ದಂಗಿದೆ ಮಿಸ್" ಎಂದ ಹಿಂದಿನ ಬೆಂಚಿನವನು.

ಮಿಸ್ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಡ್ರೈವರನ್ನು ಅಂಗಲಾಚಿ ಬಸ್ಸನ್ನು ತಿರುಗಿಸಿ, ಸೇತುವೆಯಾಚೆಗೆ ಹೋಗಿ, ಮತ್ತೆ ನಿಧಾನವಾಗಿ ಸೇತುವೆ ದಾಟಿಸಿಕೊಂಡು ಬಂದರು. ಈ ಸಲ ಎಲ್ಲರೂ ಕಿಟಕಿಗೆ ಜೋತುಬಿದ್ದು ನೋಡಿದೆವು. ಬಂಡೆಗಳ ಸಂದಿಯಲ್ಲಿ ನದಿ ಹರಿಯುತ್ತಿತ್ತು. ಅಷ್ಟು ನೀರು ಯಾರೂ ಹಿಡಿದಿಟ್ಟುಕೊಳ್ಳದೆ ಸುಮ್ಮನೆ ಹರಿದುಹೋಗುವುದನ್ನು ನಮ್ಮಲ್ಲಿ ಬಹಳ ಮಂದಿ ಅದೇ ಮೊದಲು ಕಂಡದ್ದು. ಆಮೇಲೆ ಅವ್ವನ ದನಿ ಕೇಳಿಸಿತು: "ಯವ್ವಾ, ಇದನ್ನ ಯಾರೂ ಬಂದ್ ಮಾಡಂಗಿಲ್ಲೇನು?"

ನಾವು ಉಳಿದುಕೊಂಡ ಛತ್ರದ ಹಿಂದೆಯೇ ನದಿಗೆ ಇಳಿಯುವ ಮೆಟ್ಟಿಲುಗಳಿದ್ದವು. ಮಕ್ಕಳೆಲ್ಲ ಒಟ್ಟಿಗೆ ನುಗ್ಗಿದರೆ ಯಾರಾದರೂ ಮುಳುಗುತ್ತಾರೆಂದು ಮಿಸ್ ಸೀಟಿ ಊದಿ ಊದಿ ಸುಸ್ತಾದರು. ಅವ್ವ ಅಲ್ಲಿಗೆ ಬಂದು ಎರಡೇ ಮಾತಿನಲ್ಲಿ ಎಲ್ಲರನ್ನೂ ಹತೋಟಿಗೆ ತಂದಳು. "ಸರತಿ ಹಚ್ರಿ" ಎಂದಳು ಅಷ್ಟೆ. ಪೀಣ್ಯದ ಮಕ್ಕಳಿಗೆ ಅದನ್ನು ಬಿಡಿಸಿ ಹೇಳಬೇಕಾಗಿಲ್ಲ. ಟ್ಯಾಂಕರ್ ಬರುವ ಜಾಗದಲ್ಲಿ ಬೆಳಿಗ್ಗೆಯಿಂದಲೇ ಕೊಡಗಳು ಸಾಲಾಗಿ ಕೂತಿರುತ್ತವೆ. ಕೊಡ ಇಟ್ಟವರು ಮನೆಗೆ ಹೋಗಿ ಅನ್ನಕ್ಕಿಟ್ಟು ಬರಬಹುದು, ಕೊಡ ಇದ್ದಲ್ಲಿ ಅವರೂ ಇದ್ದಾರೆ ಎಂದೇ ಲೆಕ್ಕ. ಬೇರೆಯವರ ಕೊಡ ಸರಿಸಿದರೆ ಬೀದಿ ಜಗಳ. ಆ ಸಾಲಿನ ಯಜಮಾನಿಕೆ ನಮ್ಮ ಬೀದಿಯಲ್ಲಿ ಅವ್ವನದೇ ಆಗಿತ್ತು. ಮೂವತ್ತು ಚಿಲ್ಲರೆ ಮಕ್ಕಳು ತಂತಮ್ಮ ಸೋಪಿನ ಡಬ್ಬಿಗಳನ್ನು ಮೆಟ್ಟಿಲ ಮೇಲೆ ಸಾಲಾಗಿ ಇಟ್ಟು ಆಟಕ್ಕೆ ಹೋದರು. ಅವ್ವ ಡಬ್ಬಿ ಎತ್ತಿ ಕರೆದಂತೆ ಒಬ್ಬೊಬ್ಬರೇ ಬಂದು, ಒಬ್ಬೊಬ್ಬರಿಗೆ ಒಂದೇ ಬಕೆಟ್ಟಿನ ಲೆಕ್ಕದಲ್ಲಿ ಸ್ನಾನ ಮುಗಿಸಿದರು. ಪಕ್ಕದಲ್ಲಿ ಬಟ್ಟೆ ಒಗೆಯುತ್ತಿದ್ದ ಊರಿನ ಅಜ್ಜಿಯೊಬ್ಬಳು ಇದನ್ನು ನೋಡಿ ನೋಡಿ ಕೊನೆಗೆ ತಡೆಯಲಾರದೆ ಕೇಳಿದಳು.

"ಯಾಕ್ರವ್ವ ಇಂಗೆ ಅಳ್ದು ಅಳ್ದು ಉಯ್ತಿದೀರಿ? ಒಳೆ ಏನ್ ಬತ್ತೋಯ್ತದಾ?"

"ಹುಡುಗ್ರಿಗೆ ರೂಢಿ ತಪ್ಪಬಾರದಲ್ರೀ, ನಾಡದು ಊರಿಗೆ ಹೋಗಬೇಕು" ಎಂದಳು ಅವ್ವ.

ಅವ್ವನಿಗೆ ಅಡ್ಡಹೆಸರಿಟ್ಟಂತೆ ಮಕ್ಕಳು ಆಂಟಿ, ಆಂಟಿ ಎಂದು ಕೂಗುತ್ತಲೇ ಇದ್ದರು. ಮಧ್ಯಾಹ್ನದ ಊಟಕ್ಕೆ ಕೂತಾಗ ಅವಳು ರೊಟ್ಟಿಯ ಗಂಟು ಬಿಚ್ಚಿ ಶೇಂಗಾ ಚಟ್ನಿಪುಡಿಯ ಮೇಲೆ ಎಣ್ಣೆ ಹಾಕಿ ಎಲ್ಲರ ತಟ್ಟೆಗೂ ಹಾಕುತ್ತ ಬಂದಳು. ಮುದ್ದೆ, ಅನ್ನ ತಿನ್ನುವ ಮಕ್ಕಳು ಖಡಕ್ ರೊಟ್ಟಿಯನ್ನು ಹಪ್ಪಳವೆಂದು ತಿಳಿದು ಖಾಲಿ ಮಾಡಿದರು. ಆಂಟಿ ಇನ್ನೊಂದು, ಆಂಟಿ ಇನ್ನೊಂದು ಎಂಬ ಗಲಾಟೆಯ ನಡುವೆ ಅವ್ವ ನಿಂತು, "ಏ ಹುಡುಗ್ರ, ಆಂಟಿ ಅಂದ್ರ ನನಗ ಬ್ಯಾರೆ ಯಾರನ್ನೋ ಕರದಂಗ ಆಕ್ಕೈತಿ. ಅವ್ವಾ ಅನ್ರಿ" ಎಂದಳು.

ಮಕ್ಕಳಿಗೆ ಏನಂತೆ, ರೊಟ್ಟಿ ಕೊಟ್ಟರೆ ಅಜ್ಜಿ ಎಂದೂ ಕರೆದಾರು. ಅವತ್ತು ಸಂಜೆಯ ಹೊತ್ತಿಗೆ ಇಡೀ ಛತ್ರದಲ್ಲಿ ಅವ್ವಾ ಇಲ್ಲಿ ಬಾ, ಅವ್ವಾ ಅವನು ಹೊಡೆದ, ಅವ್ವಾ ನನ್ನ ಚಪ್ಪಲಿ ಎಂಬುದೇ ಸದ್ದು. ಮಿಸ್ ಕೂಡ ಒಮ್ಮೆ ಬಾಯಿತಪ್ಪಿ ಅವ್ವ ಎಂದು ನಾಲಿಗೆ ಕಚ್ಚಿಕೊಂಡರು. ಇಡೀ ದ್ವೀಪದಲ್ಲಿ ಅವಳನ್ನು ಆಂಟಿ ಎಂದು ಕರೆಯಬೇಕಾದವಳು ನಾನೊಬ್ಬಳೇ ಉಳಿದಿದ್ದೆ. ನನ್ನ ಗೆಳತಿ, "ಅವ್ರು ನಿಮ್ಮಮ್ಮ ಅಲ್ವೇನೇ? ನೀನ್ಯಾಕೆ ಆಂಟಿ ಅಂತೀಯ?" ಎಂದು ಕೇಳಿದಳು. "ನಮ್ ನಮ್ದು ಏನೋ ಇರುತ್ತೆ, ನಿನಗ್ಯಾಕೆ?" ಎಂದು ಮುಖ ತಿರುಗಿಸಿದೆ.

ಮೊದಲ ದಿನವೆಲ್ಲ ನಾನು ಸ್ವಾತಂತ್ರ್ಯವನ್ನು ಹಟ ಹಿಡಿದು ಅನುಭವಿಸಿದೆ. ಹಾಲು ಕುಡಿಯಲಿಲ್ಲ. ಯಾರೂ ಕೇಳಲಿಲ್ಲ. ಬಿಸಿಲಲ್ಲಿ ನಿಂತೆ. ಯಾರೂ ಬೈಯಲಿಲ್ಲ. ಬೇಕೆಂದೇ ಅವ್ವನ ಎದುರಿಗೆ ನಿಂತು ಮಂಡಿಯವರೆಗೆ ಲಂಗ ನೆನೆಸಿಕೊಂಡೆ. ಅವ್ವ ನನ್ನನ್ನು ದಾಟಿ ಹೋಗಿ ಬೇರೊಬ್ಬ ಹುಡುಗಿಯ ಲಂಗ ಹಿಂಡಿಕೊಟ್ಟಳು. ಹೋಗುವಾಗ ನನ್ನ ಕಡೆ ಒಂದು ನೋಟ ಬಿತ್ತು. ಅದು ಬಸ್ ಸ್ಟಾಪಿನಲ್ಲಿ ಅಪರಿಚಿತರನ್ನು ನೋಡುವ ನೋಟ. ಅಷ್ಟು ಚೆನ್ನಾಗಿ ಮಾತು ಉಳಿಸಿಕೊಳ್ಳಬೇಕೆಂದು ನಾನೇನೂ ಹೇಳಿರಲಿಲ್ಲ.

ಎರಡನೇ ದಿನ ಬೆಳಿಗ್ಗೆ ಎಲ್ಲರ ಕಣ್ಣೂ ಕೆಂಪಾಗಿತ್ತು. ಪ್ರೆಸ್ಸಿನ ಸದ್ದಿಲ್ಲದೆ ಯಾರಿಗೂ ನಿದ್ದೆ ಬಂದಿರಲಿಲ್ಲ. ಹುಡುಗಿಯರು ಛತ್ರದ ಕಟ್ಟೆಯ ಮೇಲೆ ತಂತಮ್ಮ ಬಾಚಣಿಗೆಗಳನ್ನು ಸಾಲಾಗಿ ಇಟ್ಟಿದ್ದರು. ಯಾರೂ ಹೇಳಿರಲಿಲ್ಲ, ಕೊಡದ ಬುದ್ಧಿ ತಾನಾಗಿಯೇ ಬಾಚಣಿಗೆಗೂ ಬಂದಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಒಂದೊಂದೇ ಬಾಚಣಿಗೆ ಎತ್ತಿ, "ಇದು ಯಾರದು? ಬಾ" ಎಂದು ಕರೆದು ಎರಡು ಜಡೆ ಹೆಣೆದು ರಿಬ್ಬನ್ ಕಟ್ಟಿ ಬೆನ್ನಿಗೊಂದು ಗುದ್ದು ಕೊಟ್ಟು ಕಳಿಸುತ್ತಿದ್ದಳು. ಆ ಗುದ್ದು ನನ್ನದು. ದಿನಾ ಬೆಳಿಗ್ಗೆ ಜಡೆ ಮುಗಿದಾಗ ನನಗೆ ಬೀಳುತ್ತಿದ್ದ ಗುದ್ದನ್ನು ಅವ್ವ ಕಂಡಕಂಡವರಿಗೆಲ್ಲ ಹಂಚುತ್ತಿದ್ದಳು. ನಾನು ಬಾಚಣಿಗೆ ಇಡಲಿಲ್ಲ. ಒಳಗೆ ಹೋಗಿ ಕನ್ನಡಿಯಿಲ್ಲದೆ ನಾನೇ ಜಡೆ ಹೆಣೆದುಕೊಂಡೆ. ಒಂದು ಜಡೆ ಕಿವಿಯ ಮೇಲೆ, ಇನ್ನೊಂದು ಕತ್ತಿನ ಬುಡದಲ್ಲಿ ಬಂತು. ಮಿಸ್ ನೋಡಿ, "ಏನಿದು ನಿನ್ ಅವತಾರ?" ಎಂದರು. ಅವ್ವ ನೋಡಿಯೂ ನೋಡದಂತೆ ಮುಂದಿನ ಬಾಚಣಿಗೆ ಎತ್ತಿದಳು.

ಅವತ್ತು ಕೋಟೆ, ಅರಮನೆ ಎಲ್ಲ ತೋರಿಸಿದರು. ಗೋಡೆಯ ಮೇಲೆ ಯುದ್ಧದ ಚಿತ್ರಗಳಿದ್ದವು, ಆನೆಗಳಿದ್ದವು. ನಾನು ನೋಡಿದ್ದು ಅವ್ವನ ಎರಡು ಕೈಗಳನ್ನು. ಒಂದೊಂದು ಕೈಗೆ ಇಬ್ಬಿಬ್ಬರು ಜೋತುಬಿದ್ದಿದ್ದರು. ನನ್ನ ಎರಡೂ ಕೈ ಖಾಲಿಯಿದ್ದವು, ಯಾರೂ ಹಿಡಿಯದ ಸ್ವತಂತ್ರ ಕೈಗಳು. ಅವನ್ನು ಎಲ್ಲಿಡಬೇಕೆಂದು ತಿಳಿಯದೆ ಕಟ್ಟಿಕೊಂಡು ನಡೆದೆ.

ಮಧ್ಯಾಹ್ನ ಸಂಗಮಕ್ಕೆ ಹೋದೆವು. ಎರಡಾಗಿ ಒಡೆದ ನದಿ ಅಲ್ಲಿ ಮತ್ತೆ ಒಂದಾಗುತ್ತದೆ, ಅಲ್ಲಿಗೆ ದ್ವೀಪ ಮುಗಿಯಿತು. ಮಿಸ್ ಎರಡೂ ಕೈ ಚಾಚಿ ಎರಡೂ ಕವಲು ತೋರಿಸಿ, "ಈಗ ನಂಬಿದ್ರಾ?" ಎಂದು ಕೇಳಿದರು. ನಂಬಿದೆವು ಎಂದು ಎಲ್ಲರೂ ಕೂಗಿದಾಗ ಅವರ ಮುಖ ನೋಡಬೇಕಿತ್ತು, ದ್ವೀಪವನ್ನು ಅವರೇ ಮಾಡಿಟ್ಟಂತಿತ್ತು. ಅಲ್ಲಿ ಹರಿಗೋಲುಗಳಿದ್ದವು, ಬಿದಿರಿನ ದುಂಡನೆಯ ದೊಡ್ಡ ಬುಟ್ಟಿಗಳು. ಮೊದಲ ಹರಿಗೋಲಿಗೆ ಅವ್ವ ನಾಲ್ಕಾರು ಮಕ್ಕಳನ್ನು ಕಟ್ಟಿಕೊಂಡು ಹತ್ತಿದಳು. ನಾನು ದಡದಲ್ಲಿ ಎರಡನೇ ಸರತಿಗೆ ಕಾಯುತ್ತಿದ್ದೆ.

ಅಂಬಿಗ ನಡುನೀರಿಗೆ ಹೋದಮೇಲೆ ಹರಿಗೋಲನ್ನು ಗಿರ್ರನೆ ತಿರುಗಿಸಿದ. ಮಕ್ಕಳು ಅವ್ವಾ ಅವ್ವಾ ಎಂದು ಚೀರಿದರು. ಅವ್ವ ನಕ್ಕಳು. ನಕ್ಕಳು ಎಂದರೆ, ಬಾಯಿ ತುಂಬ, ತಲೆ ಹಿಂದಕ್ಕೆ ಹಾಕಿ, ಸೆರಗು ಜಾರಿದ್ದು ಗೊತ್ತಿಲ್ಲದೆ ನಕ್ಕಳು. ಇನ್ನೊಮ್ಮೆ ತಿರುಗ್ಸೋ ಯಪ್ಪಾ ಎಂದು ಅಂಬಿಗನಿಗೆ ಕೂಗಿ ಹೇಳಿದಳು. ದಡದವರೆಗೂ ಅದು ಕೇಳಿಸಿತು. ನಮ್ಮದು ಒಂದೇ ಕೋಣೆಯ ಮನೆ, ಅಪ್ಪ ನೈಟ್ ಶಿಫ್ಟ್ ಮುಗಿಸಿ ಬಂದು ಹಗಲು ಮಲಗುತ್ತಿದ್ದ. ಅವ್ವ ನಗುವುದಿದ್ದರೂ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅವಳಿಗೆ ಇಷ್ಟು ದೊಡ್ಡ ನಗು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ನೋಡುತ್ತ ನನಗೆ ಒಂಥರ ಭಯವಾಯಿತು. ಇನ್ನು ಇವಳು ನನಗೆ ವಾಪಸ್ಸು ಸಿಗುವುದಿಲ್ಲ ಎನ್ನಿಸಿತು. ನನ್ನ ಸರತಿ ಬಂದಾಗ ಹೊಟ್ಟೆನೋವು ಎಂದು ಹೇಳಿ ಹರಿಗೋಲು ಹತ್ತಲಿಲ್ಲ.

ಮೂರನೇ ದಿನ ಬೆಳಿಗ್ಗೆ, ಹೊರಡುವ ದಿನ, ನಾನು ಕಟ್ಟೆಯ ಹತ್ತಿರ ಹೋಗಿ ಸಾಲಿನ ಕೊನೆಯಲ್ಲಿ ನನ್ನ ಬಾಚಣಿಗೆ ಇಟ್ಟೆ. ಇಟ್ಟು ಕಂಬದ ಹಿಂದೆ ನಿಂತೆ. ಅವ್ವ ಒಂದೊಂದೇ ಮುಗಿಸುತ್ತ ಬಂದಳು. ಕೊನೆಯ ಬಾಚಣಿಗೆ ಕೈಗೆ ಬಂದಾಗ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದಳು. ಅದು ನಮ್ಮ ಮನೆಯದೇ, ಅವಳೇ ಸಂತೆಯಲ್ಲಿ ಚೌಕಾಸಿ ಮಾಡಿ ತಂದದ್ದು.

"ಈ ಹಣಗಿ ಯಾರದು?" ಎಂದಳು.

ನನ್ನ ಗೆಳತಿ ನನ್ನನ್ನು ಮುಂದಕ್ಕೆ ತಳ್ಳಿ, "ಇವಳ್ದು ಅವ್ವಾ" ಎಂದಳು.

"ಬಾ ತಂಗಿ, ಕುಂದ್ರು." ಅವ್ವ ನನ್ನ ನಿನ್ನೆಯ ಜಡೆಗಳನ್ನು ಬಿಚ್ಚಿ ಸಿಕ್ಕು ಬಿಡಿಸಲು ಶುರುಮಾಡಿದಳು. "ಎಷ್ಟ್ ಸಿಕ್ಕು ಮಾಡ್ಕೊಂಡೀಯವ್ವಾ. ಮನ್ಯಾಗ ಯಾರೂ ತಲಿ ಹಿಕ್ಕಂಗಿಲ್ಲೇನು ನಿನಗ?"

ಸುತ್ತ ನಿಂತ ಹುಡುಗಿಯರು ಕಿಸಕ್ಕೆಂದರು.

"ಯಾರ ಮಗಳವ್ವಾ ನೀ?"

"ನಿನ್ನ ಮಗಳು" ಎಂದೆ. ಹೇಳುವಷ್ಟರಲ್ಲಿ ಅಳು ಹೊರಗೆ ಬಂದುಬಿಟ್ಟಿತು. "ನಾ ನಿನ್ನ ಮಗಳು. ಸಾಕು ಇನ್ನ. ನೀ ಆಂಟಿ ಅಲ್ಲ, ನಮ್ಮವ್ವ."

ಅವ್ವ ಸೆರಗಿನಿಂದ ನನ್ನ ಮೂಗು ಒರೆಸಿದಳು, ಬಾಚಣಿಗೆಯನ್ನು ಮತ್ತೆ ಕೂದಲಿಗೆ ಹಾಕಿದಳು. ತಕ್ಷಣ ಹೂಂ ಅನ್ನುತ್ತಾಳೆ, ಎತ್ತಿ ತೊಡೆಯ ಮೇಲೆ ಕೂರಿಸಿಕೊಳ್ಳುತ್ತಾಳೆ ಎಂದು ನಾನು ಕಾದೆ. ಅವಳು ಒಂದು ಜಡೆ ಪೂರ್ತಿ ಹೆಣೆದು ಮುಗಿಸಿದಳು. ಎರಡನೆಯದಕ್ಕೆ ಕೂದಲು ತೆಗೆದುಕೊಂಡು, ಬಗ್ಗಿ, ಬೇರೆ ಯಾರಿಗೂ ಕೇಳದಂತೆ ನನ್ನ ಕಿವಿಯ ಹತ್ತಿರ ಹೇಳಿದಳು.

"ನೀ ನನ್ನ ಮಗಳ. ಅದೆಲ್ಲಿ ಹೊಕ್ಕೈತಿ? ಆದ್ರ ಬಸ್ಸು ಪೀಣ್ಯಾ ಮುಟ್ಟೂತನಕಾ ನಾ ಆಂಟಿನ ಇರ್ತೇನಿ ಬಿಡವ್ವಾ. ಭಾಳ ಚಲೋ ಅನಸಾಕತ್ತೈತಿ ನನಗ."

ಅವಳು ತಮಾಷೆ ಮಾಡುತ್ತಿದ್ದಾಳೋ ಎಂದು ತಿರುಗಿ ಮುಖ ನೋಡಿದೆ. ತಮಾಷೆ ಇರಲಿಲ್ಲ. ನಾನು ಅಪ್ಪನಿಗೆ ಏನಾದರೂ ಬೇಕಾದಾಗ ಕೇಳುವ ಹಾಗೆ ಅವಳು ನನ್ನನ್ನು ಕೇಳುತ್ತಿದ್ದಳು. ಎರಡು ದಿನ ಯಾರ ಮಗಳೂ ಅಲ್ಲದೆ ಇರಬೇಕೆಂದು ನಾನು ಅಷ್ಟು ಗೋಳಾಡಿ ಪಡೆದುಕೊಂಡಿದ್ದೆ. ನನಗೆ ಅದು ಮೊದಲ ಸಂಜೆಗೇ ಸಾಕಾಗಿತ್ತು. ಅವಳಿಗೆ ಮೂರನೇ ದಿನವೂ ಸಾಕಾಗಿರಲಿಲ್ಲ. ನಾನು ಅವಳ ಸೆರಗಿನ ತುದಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಆದರೂ ಆತು ಎಂದು ತಲೆಯಾಡಿಸಿದೆ.

ಬಸ್ಸಿನಲ್ಲಿ ಅವಳು ಮುಂದಿನ ಸಾಲಿನಲ್ಲಿ ಕಿಟಕಿಯ ಪಕ್ಕ ಕೂತಳು. ನಾನು ನಾಲ್ಕು ಸೀಟು ಹಿಂದೆ ಕೂತೆ. ಕಿಟಕಿಯ ಗಾಳಿಗೆ ಸೆರಗು ಹಾರಿ ಹಿಂದಿನವರ ಮುಖಕ್ಕೆ ಬಡಿಯುತ್ತಿದ್ದರೂ ಅವಳು ಅದನ್ನು ಎಳೆದುಕೊಳ್ಳಲಿಲ್ಲ. ಒಬ್ಬ ಹುಡುಗ ಹಾಡು ಶುರುಮಾಡಿದ, ಅವಳಿಗೆ ಪದಗಳು ಬರದಿದ್ದರೂ ಚಪ್ಪಾಳೆ ತಟ್ಟಿದಳು. ಬಿಡದಿ ಬಂತು, ಕೆಂಗೇರಿ ಬಂತು. ರಾಜಾಜಿನಗರ ದಾಟಿ ಯಶವಂತಪುರ ಬರುವ ಹೊತ್ತಿಗೆ ಮಕ್ಕಳಲ್ಲಿ ಅರ್ಧ ಮಂದಿ ಒಬ್ಬರ ಮೇಲೊಬ್ಬರು ಬಿದ್ದು ನಿದ್ದೆಹೋಗಿದ್ದರು. ಪೀಣ್ಯ ಇನ್ನೇನು ಬಂತು ಎನ್ನುವಾಗ ಗೊರಗುಂಟೆಪಾಳ್ಯದ ಹತ್ತಿರ ಲಾರಿಗಳ ಸಾಲಿನ ಹಿಂದೆ ಸಿಕ್ಕಿಕೊಂಡು ಬಸ್ಸು ನಿಂತುಬಿಟ್ಟಿತು. ಡ್ರೈವರ್ ಹಾರ್ನ್ ಬಾರಿಸಿದ, ಮಿಸ್ ಗಡಿಯಾರ ನೋಡಿಕೊಂಡರು, ಎಚ್ಚರವಿದ್ದವರೆಲ್ಲ ಗೊಣಗಿದರು. ನಾನು ಮಾತ್ರ ಆ ಲಾರಿಗಳು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ನಿಂತಿರಲಿ ಎಂದು ದೇವರಿಗೆ ಕೈಮುಗಿದೆ.